ಹತ್ತಿರದವರು ಮಾತ್ರ

ತರೀಕೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಕೈ ಬಿಡುವಾದಾಗ ಮೊಬೈಲಿನಲ್ಲಿ ಕೋಟೆ ಕಟ್ಟುವ ಆಟ ಆಡುತ್ತೇನೆ. ಬಿಡುವಿಲ್ಲದಾಗಲೂ ಆಡುತ್ತೇನೆ, ಮುಚ್ಚುಮರೆ ಏಕೆ? ಪ್ರಪಂಚದವರೆಲ್ಲ ಸೇರಿ ಆಡುವ ಆಟ ಅದು. ಹರಟಲು ಒಂದು ಚಾಟ್ ಬೇರೆ. ಆ ಚಾಟಿನಲ್ಲಿ ನಾನು ಬಾಯಿ ಹಾಕಿದಾಗಲೆಲ್ಲ ಏನಾದರೊಂದು ಆಗದೆ ಬಿಟ್ಟಿಲ್ಲ.

೧. ಕರೆಂಟು

ಮೊದಮೊದಲು ಚಾಟಿನಲ್ಲಿ ಎಲ್ಲ ದೇಶದವರೂ ಕಾಣುತ್ತಿದ್ದರು. ಅನುವಾದದ ಗುಂಡಿ ಒತ್ತಿದರೆ ಅವರ ಮಾತು ಕನ್ನಡಕ್ಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಮೆಷಿನ್ ನಿಂತಿತು. ಪಕ್ಕದ ಮನೆಯವರನ್ನು ಕೇಳುವ ಹಾಗೆ, ನಿಮ್ಮ ಕಡೆ ಇದೆಯಾ ಎಂದು ಚಾಟಿನಲ್ಲೇ ಕೇಳಿದೆ. ಯಾವುದೋ ದೇಶದ ಮಹಾನುಭಾವ, ಕರೆಂಟು ಹೋಗಿದ್ದನ್ನು ತಾನು ಈವರೆಗೆ ನೋಡೇ ಇಲ್ಲ ಎಂದು ಬರೆದ. ಕರೆಂಟೇ ಹೋಗದ ಊರಿನವನ ಜೊತೆ ಎಷ್ಟು ಹೊತ್ತು ಅಂತ ಮಾತಾಡುವುದು?

೨. ನೆಂಟರು

ಅವತ್ತೇ ಫಿಲ್ಟರ್ ಹುಡುಕಿ ‘ಹತ್ತಿರದವರು ಮಾತ್ರ’ ಎಂದು ಇಟ್ಟುಕೊಂಡೆ. ಕಡೂರು, ಬೀರೂರು, ಶಿವನಿ, ಅಜ್ಜಂಪುರ ಎಲ್ಲ ಒಂದೇ ಜಗಲಿಯಲ್ಲಿ ಬಂದು ಕೂತ ಹಾಗಾಯಿತು. ನಮ್ಮದೊಂದು ತಂಡವೂ ಆಯಿತು. ಅದರಲ್ಲಿ ಬೀರೂರಿನ ಸೈಕಲ್ ಶಾಪಿನ ಭಾಯ್ ಒಬ್ಬರು; ಅಜ್ಜಂಪುರದಿಂದ ‘ರಾಣಿ’ ಎಂಬ ಹೆಸರಿನಲ್ಲಿ ಆಡುವ ನಮ್ಮ ನಾಯಕಿ ಇನ್ನೊಬ್ಬರು. ಯಾರೂ ಯಾರ ಮುಖವನ್ನೂ ಕಂಡಿರಲಿಲ್ಲ.

ಒಂದು ದಿನ ಯಾರೋ ನಮ್ಮ ಮೇಲೆ ದಂಡೆತ್ತಿ ಬಂದ. ಬಾಣ ಬಿಡುವ ಬದಲು ಭಾಯ್ ಯಾವೂರಪ್ಪಾ ಎಂದು ಕೇಳಿದರು. ಲಿಂಗದಹಳ್ಳಿ ಎಂದ. ಲಿಂಗದಹಳ್ಳಿ ಅಂದ ಮೇಲೆ ನಾನು ಸುಮ್ಮನಿರಲಾದೀತೆ? ಯಾರ ಮನೆ, ಯಾರ ಪೈಕಿ ಎಂದು ಕೆದಕಿದೆ. ಕೊನೆಗೆ ನಮ್ಮ ಅತ್ತಿಗೆಯ ಚಿಕ್ಕಮ್ಮನ ಅಳಿಯ ಎಂದು ಗೊತ್ತಾಯಿತು. ಅಳಿಯನ ಮೇಲೆ ಬೆಂಕಿ ಎಸೆಯುವುದು ಹೇಗೆ? ಊಟ ಆಯ್ತಾ, ಮನೇಲೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿದೆ. ಅವನೂ ಬಹಳ ಮರ್ಯಾದೆಯಿಂದ ಒಂದೊಂದಕ್ಕೂ ಉತ್ತರ ಕೊಟ್ಟ, ನಮ್ಮ ಉಗ್ರಾಣ ಖಾಲಿ ಮಾಡುತ್ತಲೇ.

೩. ಜ್ವರ

ಅಜ್ಜಂಪುರದ ಸ್ಕೂಲ್ ಮೇಡಂ ಒಬ್ಬರು ತಂಗಿಯ ನಿಶ್ಚಿತಾರ್ಥಕ್ಕೆ ಬ್ಲೌಸ್ ಹೊಲಿಯಲು ಕೊಟ್ಟಿದ್ದರು. ಭಾನುವಾರ ಕಾರ್ಯ, ಶುಕ್ರವಾರವಾದರೂ ನಾನು ಬಟ್ಟೆಗೆ ಕತ್ತರಿ ಮುಟ್ಟಿಸಿರಲಿಲ್ಲ. ಹೆಮ್ಮಿಂಗ್ ಒಂದೇ ಬಾಕಿ, ನಾಳೆ ಬನ್ನಿ ಎಂದು ಎರಡು ಸಲ ಸಾಗಹಾಕಿಯೂ ಆಗಿತ್ತು. ಫೋನ್ ಮಾಡಿದರು. ಜ್ವರ, ಮೈಯೆಲ್ಲ ಕೆಂಡ, ಎದ್ದು ಕೂರಲೂ ಆಗುತ್ತಿಲ್ಲ ಎಂದು ನರಳಿದೆ. ಪಾಪ, ಗಂಜಿ ಕುಡಿಯಿರಿ ಎಂದರು.

ಆ ಹೊತ್ತಿಗೆ ಆಟದಲ್ಲಿ ನನ್ನ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಎರಡು ತಿಂಗಳು ಕೂತು ಕಟ್ಟಿದ ಕೋಟೆ. ರಾಣಿಯವರ ಸೈನ್ಯ ಕಾವಲಿಗಿತ್ತು, ಅದಕ್ಕೇ ಉಳಿದಿತ್ತು. ಇವತ್ತು ಕೆಲಸ ಇಲ್ವಾ ಅಕ್ಕಾ ಎಂದು ಭಾಯ್ ಕೇಳಿದರು. ಮಕ್ಕಳ ಮೊಬೈಲ್ ಕಿತ್ತಿಡುವ ಮೇಡಂ ಆಟದ ಹತ್ತಿರ ಸುಳಿಯುವುದುಂಟೇ? ಧೈರ್ಯವಾಗಿ ಬರೆದೆ:

“ಅಜ್ಜಂಪುರದ ಮೇಡಂ ಒಬ್ರು ಬ್ಲೌಸಿಗೆ ತಲೆ ತಿಂತಾವ್ರೆ ಭಾಯ್. ಜ್ವರ ಅಂತ ಹೇಳ್ಬಿಟ್ಟು ಆಡ್ತಿದ್ದೀನಿ.”

ರಾಣಿಯವರ ಸೈನ್ಯ ಸಾಲಾಗಿ ನನ್ನ ಕೋಟೆಯಿಂದ ಹೊರಟಿತು. ಆಮೇಲೆ ಅವರ ಮಾತು ಬಂತು:

“ಗಂಜಿ ಕುಡಿದ್ರಾ?”

ಇಡೀ ಪ್ರಪಂಚಕ್ಕೆ ಹೇಳಿದ್ದರೂ ಮೇಡಂಗೆ ತಿಳಿಯುತ್ತಿರಲಿಲ್ಲವೇನೋ. ನಾನು ಫಿಲ್ಟರ್ ಹಾಕಿ, ಸೋಸಿ, ಅವರಿಗೇ ಹೇಳಿದ್ದೆ. ಮೊಬೈಲ್ ಮಗುಚಿಟ್ಟು ಮೆಷಿನ್ ಮುಂದೆ ಕೂತೆ.

ಶನಿವಾರ ಮೇಡಂ ತಂಗಿಯನ್ನು ಕರೆದುಕೊಂಡು ಬಂದರು. ಹುಡುಗಿ ಬ್ಲೌಸ್ ಹಾಕಿ ನೋಡಿದಳು. ಒಂದು ಸುಕ್ಕಿಲ್ಲದೆ ಕೂತಿತು. ಅವಳ ಮುಖ ಅರಳಿದ್ದು ನೋಡಿ ನನಗೂ ಸಂತೋಷವಾಯಿತು. ಜ್ವರದ ಮಾತನ್ನು ಮೇಡಂ ಎತ್ತಲೇ ಇಲ್ಲ. ನನ್ನ ಕೋಟೆಯಲ್ಲಿ ಇನ್ನೂ ಒಂದು ಗೋಡೆ ಉಳಿದಿತ್ತು. ಸೈನ್ಯ ಯಾವಾಗ ವಾಪಸ್ ಕಳಿಸುತ್ತೀರಿ ಎಂದು ಮೆಲ್ಲಗೆ ಕೇಳಿದೆ.

ಮೇಡಂ ಕನ್ನಡಕ ಸರಿಮಾಡಿಕೊಂಡರು.

“ಎಲ್ಲ ರೆಡಿ ಇದೆ ಕಣ್ರೀ, ಹೆಮ್ಮಿಂಗ್ ಒಂದೇ ಬಾಕಿ. ನಾಳೆ ಬನ್ನಿ.”