ಮುದಗಲ್ ಅಜ್ಜನ ಸಿಕ್ಸರ್

ಹಳೆಯ ಕ್ರಿಕೆಟ್ ಸಾಮಾನು ಕೂಡಿಸುವವನ ಮನೆಗೆ ಫಜೀತಿ ತಾನಾಗಿಯೇ ವಿಳಾಸ ಕೇಳಿಕೊಂಡು ಬರುತ್ತದೆ. ಸಿಂಧನೂರಿನಲ್ಲಿ ನನ್ನದು ವಿಭೂತಿ, ಕರ್ಪೂರದ ಅಂಗಡಿ. ಶಿವನ ದಯೆಯಿಂದ ಹೊಟ್ಟೆಗೆ ಕೊರತೆಯಿಲ್ಲ. ಬಿಡುವಾದಾಗ ನಮ್ಮ ಕಡೆಯ ಆಟಗಾರರ ಬ್ಯಾಟು, ಚೆಂಡು, ಫೋಟೋ ಹುಡುಕಿ ತಂದು ಅವುಗಳ ಕಥೆ ಬರೆದಿಡುತ್ತೇನೆ. "ಮಂದಿ ಬಂಗಾರ ಕೂಡಸ್ತಾರ, ನೀವು ಕಟಗಿ ಕೂಡಸ್ತೀರಿ" ಅನ್ನುತ್ತಾಳೆ ನಮ್ಮ ಮನೆಯಾಕೆ.

೧. ಮಾತು ಕೊಟ್ಟದ್ದು

ಮುದಗಲ್ಲಿನ ಹಿರಿಯರೊಬ್ಬರು ಹರೆಯದಲ್ಲಿ ಲಿಂಗಸುಗೂರು ತಂಡಕ್ಕೆ ಆಡಿದವರು. ಸಿಂಧನೂರಿನವರ ಮೇಲೆ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದು ಗೆಲ್ಲಿಸಿದ್ದರಂತೆ.

"ಮೊಮ್ಮಕ್ಕಳು ನಂಬವಲ್ಲರು ರೀ. 'ಅಜ್ಜ ಮತ್ತ ಶುರು ಮಾಡಿದ' ಅಂತ ಎದ್ದು ಹೋಗ್ತಾವ. ನಾ ಹೋಗೋದ್ರೊಳಗ ಒಂದು ಪುರಾವೆ ತಂದುಕೊಡ್ರಿ" ಎಂದರು. ಕಣ್ಣು ತುಂಬಿತ್ತು.

"ಶಿವನಾಣೆ, ತರ್ತೀನಿ" ಎಂದುಬಿಟ್ಟೆ. ಸೋತದ್ದು ನಮ್ಮೂರು ಎಂಬುದು ಬಸ್ ಹತ್ತಿದ ಮೇಲೆ ಹೊಳೆಯಿತು.

೨. ಜಗಲಿ ಏರಿದ ಬ್ಯಾಟು

ಅಜ್ಜ ಸಿಕ್ಸರ್ ಹೊಡೆದ ಬ್ಯಾಟು ತುರ್ವಿಹಾಳದ ರೈತರೊಬ್ಬರ ಮನೆಯಲ್ಲಿತ್ತು. ಗೆದ್ದ ದಿನ ಅದರ ಮೇಲೆ ಆಟಗಾರರ ಹೆಸರು, ರನ್ನು ಬರೆದಿದ್ದರಂತೆ. ಹೋಗಿ ನೋಡಿದರೆ ದೇವರ ಜಗಲಿಯ ಮೇಲಿದೆ! ವರ್ಷಾ ವರ್ಷಾ ಮಹಾನವಮಿಗೆ ಆಯುಧದ ಜೊತೆ ಪೂಜೆಯಾಗಿ, ಕುಂಕುಮ, ವಿಭೂತಿ ಬೆರಳು ದಪ್ಪ ಕೂತಿದೆ.

"ಸ್ವಲ್ಪ ಒರೆಸಿ ನೋಡಲೇನ್ರಿ?"

"ಪೂಜಿ ಅಳಸ್ತೀರೇನ್ರಿ? ನೀವೂ ವಿಭೂತಿ ಮಾರೋರು!"

ನಾಚಿಕೆಯಾಯಿತು. ಕೈ ಮುಗಿದೆ. ಜೇಬಿನಲ್ಲಿ ವಿಭೂತಿ ಗಟ್ಟಿ ಇದ್ದೇ ಇರುತ್ತದೆ. ರೂಢಿಯ ಕೈ, ಬ್ಯಾಟಿಗೂ ಮೂರು ಬೆರಳು ಎಳೆದುಬಿಟ್ಟಿತು. ಓದಲು ಹೋದವನು ಅಕ್ಷರದ ಮೇಲೆ ಇನ್ನೊಂದು ಪದರ ಬಳಿದು ಬಂದೆ.

೩. ಮಸ್ಕಿಯ ಭಜನೆ

ಉಳಿದದ್ದು ಅಂದಿನ ಸ್ಕೋರ್ ಪುಸ್ತಕ. ಅದನ್ನು ಬರೆದವರು ಮಸ್ಕಿಯವರು, ಈಗಿಲ್ಲ. ಅವರ ಹೆಂಡತಿ ಉಳಿದ ಖಾಲಿ ಹಾಳೆಗಳಲ್ಲಿ ಭಜನೆ ಪದ ಬರೆದುಕೊಂಡಿದ್ದಾರೆ.

"ಪುಸ್ತಕ ಕೊಡಾಕ ಬರಂಗಿಲ್ಲ. ಸೋಮವಾರ ನಮ್ಮ ಹೆಂಗಸರ ಭಜನಿ ಐತಿ, ಬರ್ರಿ, ನೀವು ಮುಂದ ಹೇಳ್ರಿ, ನಾವು ಹಿಂದ ಹಾಡ್ತೀವಿ. ಆಮ್ಯಾಲೆ ಫೋಟೋ ತಕ್ಕೊಳ್ರಿ" ಎಂದರು.

ಸೋಮವಾರ ಪುಸ್ತಕ ಹಿಡಿದು, ಕಣ್ಣು ತೇವ ಮಾಡಿಕೊಂಡು ಹಾಡುತ್ತಿದ್ದೆ. ಪುಟ ತಿರುವುವಾಗ ಎರಡು ಹಾಳೆ ಕೂಡಿ ಬಂದು ಸ್ಕೋರಿನ ಪುಟ ತೆರೆಯಿತು. ಅಜ್ಜನ ಹೆಸರು, ಕೊನೆಯ ಚೆಂಡು, ಎದುರಿಗೆ ಆರು! "ಸಿಕ್ಸ್!" ಎಂದು ಕೂಗಿಬಿಟ್ಟೆ.

ತಾಳ ತಪ್ಪಲಿಲ್ಲ. ಇಪ್ಪತ್ತು ಮಂದಿ ಹೆಂಗಸರು ಭಕ್ತಿಯಿಂದ "ಸಿಕ್ಸ್!" ಎಂದರು.

೪. ಪುರಾವೆ

ಮುದಗಲ್ಲಿಗೆ ಹೋಗಿ ಫೋಟೋ ತೋರಿಸಿದೆ. ಮೊಮ್ಮಕ್ಕಳು ಬಾಯಿ ತೆರೆದು ನಿಂತರು. ಅಜ್ಜ ಮೀಸೆ ತಿರುವಿದರು. ಚಹಾ ತಂದ ಅಜ್ಜಿ ಮಾತ್ರ ಸೆರಗು ಬಾಯಿಗೆ ಹಿಡಿದು ನಕ್ಕರು.

"ನಿನಗೇನಾತಬೇ?" ಎಂದರು ಅಜ್ಜ.

"ಲಿಂಗಸುಗೂರಾಗ ನನ್ನ ತವರು ಮೈದಾನದ ಬಾಜೂಕ. ಅವತ್ತು ಬೌಂಡ್ರಿ ಗೆರಿ ಒಳಗ ಹಪ್ಪಳ ಒಣಾಕ ಹಾಕಿದ್ದೆ. ನಿಮ್ಮ ಚೆಂಡು ಅದರ ಮ್ಯಾಲ ಬಿತ್ತು. ಸಿಟ್ಟಿಗೆ ಎತ್ತಿ ಗೆರಿ ಆಚೆ ಒಗದೆ. ಆಚೆ ಬಿದ್ದದ್ದಷ್ಟ ನೋಡಿ ಅಂಪೈರ್ ಸಿಕ್ಸರ್ ಅಂತ ಎರಡೂ ಕೈ ಎತ್ತಿದ. ಮದವಿ ಆದಮ್ಯಾಲೆ ನಿಮ್ಮ ಖುಷಿ ನೋಡಿ ಸುಮ್ಮನಾದೆ."

ಅಜ್ಜನ ಮುಖ ಇಳಿಯಿತು. ಸುಳ್ಳು ಬರೆದರೆ ಶಿವ ಮೆಚ್ಚುವುದಿಲ್ಲ. ನಿಜ ಬರೆದರೆ ಈ ಜೀವ ನೊಂದೀತು. ಮನಸ್ಸಿನಲ್ಲೇ ಪ್ರಾರ್ಥಿಸಿ ಕಥೆ ಬರೆದಿಡುವ ವಹಿ ತೆಗೆದು ಬರೆದೆ, ಗಟ್ಟಿಯಾಗಿ ಓದಿದೆ: "ಆರು ರನ್. ಅಜ್ಜನವು ನಾಲ್ಕು, ಅಜ್ಜಿಯವು ಎರಡು."

ಅಜ್ಜನ ಮುಖ ಅರಳಿತು. ಅಜ್ಜಿ ಚಹಾ ಲೋಟ ಹಿಂದಕ್ಕೆ ಎಳೆದುಕೊಂಡರು.

"ದಾಟಿಸಿದಾಕಿ ನಾನು. ನಾಲ್ಕು ನನಗ ಬರೀರಿ."