ಕಂಪ್ಯೂಟರಿನಲ್ಲಿ ಪುಣೆಗೆ ಮಹಾಪೂರ

ನಮ್ಮದು ಎದೆ ಗಟ್ಟಿ ಇಲ್ಲದವರು ಮಾಡುವ ಕೆಲಸವಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ಹಡಪಸರದ ಒಂದು ಸಣ್ಣ ಆಫೀಸಿನಲ್ಲಿದ್ದೆ. ನದಿಗೆ ಮಹಾಪೂರ ಬಂದರೆ ಪುಣೆಯ ಮಂದಿ ಹೇಗೆ ಪಾರಾಗುತ್ತಾರೆ ಅಂತ ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದು ನಮ್ಮ ಉದ್ಯೋಗ. ಮೊದಲು ಹತ್ತಾರು ಸಂಸಾರಗಳಿರುವ ಒಂದೇ ಒಂದು ಹಳೇ ವಾಡೆಯ ಮಂದಿಯನ್ನು ಒಬ್ಬೊಬ್ಬರಾಗಿ, ಅವರವರ ನಡಿಗೆ, ಗಂಟುಮೂಟೆ ಸಮೇತ ಬರೆದಿದ್ದೆವು. ಚೆಂದ ಓಡಿತು. ಅದನ್ನೇ ಇಡೀ ಊರಿಗೆ ಹಚ್ಚಿದಾಗ ಯಂತ್ರ ಕೂತೇಬಿಟ್ಟಿತು.

"ನೀರು ಬಂದು ಇಳದು ಹೋದ ಮ್ಯಾಲ ಉತ್ತರ ಕೊಡ್ತೀರೇನ್ರಿ? ಎಲ್ಲಾ ಹಗೂರ ಮಾಡ್ರಿ!" ಅಂದರು ಸಾಹೇಬರು.

ಲೆಕ್ಕ ಹಗುರ ಮಾಡಲು ಹೋದಾಗಲೆಲ್ಲ ಯಾರಾದರೊಬ್ಬರು ಬೆಚ್ಚಿಬೀಳುತ್ತಿದ್ದರು.

ಸರಾಸರಿ ಅಜ್ಜಿ

ಒಂದೊಂದು ಮನೆಯ ಮಂದಿಯ ನಡಿಗೆಯ ವೇಗವನ್ನು ಬೇರೆ ಬೇರೆ ಲೆಕ್ಕ ಹಾಕುವ ಬದಲು, ಬೆಂಗಳೂರಿನಿಂದ ಬಂದಿದ್ದ ಸಹೋದ್ಯೋಗಿ ಎಲ್ಲರದೂ ಸೇರಿಸಿ ಸರಾಸರಿ ತೆಗೆದಳು. ನೋಡಲು ಬಂದವರು ಬೆಳಗಾವಿ ಕಡೆಯ ಹಿರಿಯ ಅಧಿಕಾರಿ. ತೆರೆಯ ಮೇಲೆ ಎಂಬತ್ತರ ಅಜ್ಜಿ ಮೊಮ್ಮಗನ ಜೋಡಿ ಓಡಿ ಬಂದು ಕಾಂಪೌಂಡ್ ಗೋಡೆ ಹಾರಿದಳು. ಅಧಿಕಾರಿಯ ಕೈಯಲ್ಲಿದ್ದ ಚಹಾ ಪ್ಯಾಂಟಿನ ಮೇಲೆ.

"ಅದು ಆವರೇಜ್ ಸರ್, ತಪ್ಪು ತಿಳ್ಕೋಬೇಡಿ," ಅಂದಳು ಇವಳು.

ಅವರು ಪ್ಯಾಂಟು ಒರೆಸುವುದನ್ನೂ ಬಿಟ್ಟು ತೆರೆಯ ಹತ್ತಿರ ಬಗ್ಗಿದರು. "ತಂಗಿ, ನಮ್ಮವ್ವನ ಮೊಣಕಾಲಿಗೂ ಇದನ್ನ ಹಚ್ಚಲಿಕ್ಕೆ ಬರ್ತದೇನು?"

ಮಧ್ಯಾಹ್ನದ ನೀರು

ಆಮೇಲೆ ಒಂದೇ ನಿಯಮ ಇಟ್ಟೆವು: ಸೈರನ್ ಕೇಳಿದ ತಕ್ಷಣ ಎಲ್ಲರೂ ಮನೆ ಬಿಡುತ್ತಾರೆ. ಮಧ್ಯಾಹ್ನ ಎರಡಕ್ಕೆ ನೀರು ಬಿಟ್ಟೆವು. ಊರು ಖಾಲಿ, ಒಬ್ಬರೂ ಸಾಯಲಿಲ್ಲ. ಖುಷಿಗೆ ಪೇಢೆ ಹಂಚಿದೆವು. ಹಳೇ ಪುಣೆಯ ಸದಾಶಿವ ಪೇಠೆಯಲ್ಲೇ ಹುಟ್ಟಿ ಬೆಳೆದ ನಮ್ಮ ಅಕೌಂಟೆಂಟ್ ಬಾಯಿಗೆ ಒಯ್ದ ಪೇಢೆಯನ್ನು ಹಾಗೇ ಹಿಡಿದು ನಿಂತರು.

"ಎರಡು ಗಂಟೆಗಾ? ನಮ್ಮ ಪೇಠೆಯಲ್ಲಾ?" ಅಂತ ಮರಾಠಿಯಲ್ಲಿ ಕೇಳಿದರು. "ಅದು ಮಲಗುವ ಹೊತ್ತು ರೀ! ಪ್ರಳಯವೇ ಬಂದು ಬೆಲ್ ಒತ್ತಿದರೂ ನಾಲ್ಕರ ಮೇಲೆ ಬಾ ಅಂತಾರೆ."

ನೂರಕ್ಕೆ ಒಬ್ಬ

ಕಡೆಗೆ ನೂರು ಮಂದಿಯ ಬದಲು ಒಬ್ಬನನ್ನೇ ಇಡುವುದು ಅಂತಾಯಿತು. ಅವತ್ತು ನನಗೆ ರಜೆ. ವಿಮಾನ ನಗರದ ಮನೆ ಹತ್ತಿರದ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನ್ ಹಚ್ಚಿದೆ. ಲೈನ್ ಸರಿ ಇರಲಿಲ್ಲ, ಕೂಗಬೇಕಾಯಿತು.

"ಹಡಪಸರದಾಗ ಮಂದಿ ಭಾಳ ಆಗ್ಯಾರ್ರಿ! ನೂರಕ್ಕ ಒಬ್ಬನ್ನ ಉಳಸ್ರಿ, ಉಳದವರನ್ನ ತಗದು ಹಾಕ್ರಿ! ಹೌದ್ರಿ, ಸಣ್ಣ ಹುಡುಗೂರನ್ನೂ! ಆಮ್ಯಾಲ ನೀರು ಬಿಡ್ರಿ!"

ಫೋನ್ ಇಟ್ಟು ಬಾಗಿಲು ತಳ್ಳಿದರೆ ಹೊರಗಿನಿಂದ ಚಿಲಕ. ಬೂತಿನವನು ಸೊಲ್ಲಾಪುರದವನು, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಗಾಜಿನಾಚೆ ಅವನ ಮುಖ ಬಿಳಿಚಿಕೊಂಡಿತ್ತು. ಗಾಜಿನೊಳಗೆ ನನ್ನದು. ಸ್ವಲ್ಪ ಹೊತ್ತಿಗೆ ಹವಾಲ್ದಾರ ಬಂದು ನನ್ನನ್ನು ಪೊಲೀಸ್ ಚೌಕಿಗೆ ಎಳೆದುಕೊಂಡು ಹೋದ.

ಬಂದಷ್ಟು ಮರಾಠಿಯಲ್ಲಿ ವಿವರಿಸಿದೆ. ಅವರು ಕಂಪ್ಯೂಟರಿನೊಳಗಿನ ಮಂದಿ. ಎಲ್ಲರನ್ನೂ ಹೊರಲು ಯಂತ್ರಕ್ಕೆ ಶಕ್ತಿ ಇಲ್ಲ. ಅದಕ್ಕೇ ನೂರು ಮಂದಿ ಮಾಡುವುದನ್ನು ಒಬ್ಬನ ಕೈಲೇ ಮಾಡಿಸಿ ನೋಡುತ್ತೇವೆ.

ಹವಾಲ್ದಾರ ಲಾಠಿ ಕೆಳಗಿಟ್ಟ. ಖಾಲಿ ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿದ.

"ಅದಕ್ಕೆ ಕಂಪ್ಯೂಟರ್ ಯಾಕೆ ಸಾಹೇಬ?" ಅಂದ. "ಈ ಚೌಕಿಯಲ್ಲಿ ಅದನ್ನು ಯಾವಾಗಲೋ ಮಾಡಿ ಮುಗಿಸಿದ್ದಾರೆ. ಆ ಒಬ್ಬ ನಾನೇ."