ಎಡಕ್ಕೆ ವಾಲಿದ ಗಣಪತಿ

ಗೋಡೆಯೂ ಮಕ್ಕಳಿಗೆ ಪಾಠ ಹೇಳಬೇಕು ಎಂದು ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಗೋಡೆ ಪಾಠ ಹೇಳಿದರೆ ನಾನು ಸ್ವಲ್ಪ ಸುಧಾರಿಸಿಕೊಳ್ಳಬಹುದು ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಸಿ.ಎಸ್. ಪುರದಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಒಂದು ಹಳ್ಳಿ. ಒಂದೇ ಕೋಣೆಯ ಶಾಲೆ, ಒಬ್ಬಳೇ ಟೀಚರು, ಅದು ನಾನು. ಗಂಡ ಇದ್ದದ್ದು ತುಮಕೂರಿನಲ್ಲಿ. ಮದುವೆಯಾಗಿ ಎರಡು ವರ್ಷವಾದರೂ ನಾವಿಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದದ್ದು ಭಾನುವಾರ ಮಾತ್ರ. ತುಮಕೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಇನ್ಸ್‌ಪೆಕ್ಟರು ಬಂದು ಶಾಲೆ ನೋಡಿ ಮೆಚ್ಚಿ ಶಿಫಾರಸು ಬರೆದರೆ ಗಂಟುಮೂಟೆ ಕಟ್ಟುವುದೊಂದೇ ಬಾಕಿ. ಅದಕ್ಕೇ ಗೋಡೆ ಸಿಂಗರಿಸಲು ಹೊರಟೆ.

"ರೀ, ಪ್ರಾಣಿಗಳ ಚಿತ್ರ ಸಿಕ್ಕಿದ್ರೆ ತನ್ನಿ" ಎಂದು ಗಂಡನಿಗೆ ಹೇಳಿದೆ. ಅವರು ತುಮಕೂರಿನ ಶಿರಾ ಗೇಟಿನ ಅಂಗಡಿಗಳನ್ನೆಲ್ಲ ಸುತ್ತಿ ಹತ್ತು ಹೊಸ ಕ್ಯಾಲೆಂಡರ್ ತಂದರು. ಬಿಚ್ಚಿದರೆ ಹತ್ತರಲ್ಲೂ ದೇವರು!

"ಪುಕ್ಕಟೆ ಕೊಡೋರು ದೇವರನ್ನೇ ಕೊಡೋದು ಕಣೇ. ಸರಿಯಾಗಿ ನೋಡು, ಒಬ್ಬೊಬ್ಬರ ಹತ್ರಾನೂ ಒಂದೊಂದು ಪ್ರಾಣಿ ಇದೆ."

ನಿಜವೇ. ಇಲಿ, ನವಿಲು, ಬಸವ, ಸಿಂಹ, ಹಾವು ಎಲ್ಲ ಇದ್ದವು. ಕಪ್ಪು ಹಲಗೆಯ ಗೋಡೆ ಬಿಟ್ಟು ಉಳಿದ ಮೂರು ಗೋಡೆಗೂ ನಾನೇ ಸುತ್ತಿಗೆ ಹಿಡಿದು ಹೊಡೆದೆ. ಕ್ಯಾಲೆಂಡರಿನ ಮೇಲ್ಗಡೆ ತಗಡಿನ ಪಟ್ಟಿಗೆ ಎರಡೆರಡು ಮೊಳೆ. ಗಣಪತಿಯ ಎಡಗಡೆಯ ಮೊಳೆ ಒಂದು ಬೆರಳು ಕೆಳಗಿಳಿಯಿತು.

"ಗಣಪತಿ ಎಡಕ್ಕೆ ವಾಲಿದಾನೆ ಕಣೇ."

"ಯಾರ್ರೀ ಅಳತೆ ಹಿಡ್ಕೊಂಡು ನೋಡ್ತಾರೆ? ಇರ್ಲಿ ಬಿಡಿ" ಎಂದೆ.

ಸುದ್ದಿ ಆಗಲೇ ಊರಲ್ಲಿ ಹಬ್ಬಿ, ಸೋಮವಾರ ಮಕ್ಕಳು ತಲೆ ಬಾಚಿಕೊಂಡು, ಹಣೆಗಿಟ್ಟುಕೊಂಡು ಬಂದಿದ್ದವು. ಗೋಡೆಯ ಪ್ರಭಾವ ಎಂದು ಹಿಗ್ಗಿದೆ. ಕೋಲಿನಿಂದ ಇಲಿಯನ್ನು ತೋರಿಸಿ "ಇದೇನು?" ಎಂದೆ. ಇಡೀ ತರಗತಿ ಕೈ ಮುಗಿದು ಕಣ್ಣು ಮುಚ್ಚಿತು. ಇಲಿಯನ್ನು ಯಾರೂ ನೋಡಲಿಲ್ಲ.

ಮಧ್ಯಾಹ್ನ ಎದುರುಮನೆಯ ಪುಟ್ಟಜ್ಜಿ ಬಂದು ಬಾಗಿಲಲ್ಲೇ ನಿಂತರು. "ಏನ್ ಮೇಡಮ್ಮೋರೇ, ದೇವ್ರಿಗೆ ಬೆನ್ನಾಕಿ ಕೂರ್ಸಿದೀರಲ್ಲ ಮಕ್ಳುನ್ನ?"

ಬೆನ್ನು ಹಾಕಬಹುದಾದ ಗೋಡೆ ಇದ್ದದ್ದು ಒಂದೇ, ಕಪ್ಪು ಹಲಗೆಯದು. ಮಕ್ಕಳನ್ನು ತಿರುಗಿಸಿ ಕೂರಿಸಿದೆ. ಅಂದಿನಿಂದ ನಾನು ಅವರ ಬೆನ್ನ ಹಿಂದೆ ಮಗ್ಗಿ ಬರೆಯತೊಡಗಿದೆ. ಕ್ಯಾಲೆಂಡರ್ ಕೀಳೋಣವೆಂದರೆ ಅಜ್ಜಿ ಆಗಲೇ ಕುಂಕುಮ ಹಚ್ಚಿ ಕರ್ಪೂರ ಬೆಳಗಿಬಿಟ್ಟಿದ್ದರು. ಶುಕ್ರವಾರ ಪೂಜೆ ಶುರುವಾಯಿತು, ಜೊತೆಗೆ ಕಡಲೆಕಾಳಿನ ಉಸಲಿ. ಹಾಜರಿ ಏರಿತು. ಮಗ್ಗಿ ಎರಡರ ಮೇಲೆ ಏರಲಿಲ್ಲ.

ಇನ್ಸ್‌ಪೆಕ್ಟರು ಬಂದದ್ದೂ ಶುಕ್ರವಾರವೇ.

"ಬೂಟು ಆಚೆ ಬುಡಿ ಸ್ವಾಮಿ" ಎಂದರು ಪುಟ್ಟಜ್ಜಿ. ಇನ್ಸ್‌ಪೆಕ್ಟರು ಬೂಟು ಕಳಚಿ ಒಳಗೆ ಬಂದು, ಎದುರಿಗೆ ಕೂತಿದ್ದ ಹುಡುಗ ರಂಗಪ್ಪನನ್ನು ಎಬ್ಬಿಸಿ ನಿಲ್ಲಿಸಿ ಕೇಳಿದರು, "ಏಳೆಂಟ್ಲ ಎಷ್ಟಪ್ಪಾ?"

ರಂಗಪ್ಪ ಗಣಪತಿಗೆ ಕೈ ಮುಗಿದ. "ಬಲಗಡೆ ಹೂ ಕೊಟ್ರೆ ಹೇಳ್ತೀನಿ ಸಾ."

ತಗಡಿನ ಪಟ್ಟಿಯ ಮೇಲೆ ಅಜ್ಜಿ ಇಟ್ಟಿದ್ದ ಕಣಗಲೆ ಹೂಗಳಿದ್ದವು. ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯಿತು. ಇನ್ಸ್‌ಪೆಕ್ಟರೂ ಕಾದರು. ಒಂದು ಹೂ ಮೆಲ್ಲಗೆ ಜಾರಿ ಎಡಕ್ಕೆ ಬಿತ್ತು.

"ಬ್ಯಾಡ ಅಂತವ್ನೆ ಸಾ" ಎಂದು ರಂಗಪ್ಪ ನೆಮ್ಮದಿಯಾಗಿ ಕೂತ.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಇನ್ಸ್‌ಪೆಕ್ಟರು ಬೈಯಲಿಲ್ಲ. ಹಾಜರಿ ಪುಸ್ತಕ ನೋಡಿ ತಲೆದೂಗಿದರು, ಉಸಲಿ ತಿಂದರು, ಆಮೇಲೆ ನನ್ನ ವರ್ಗದ ಅರ್ಜಿ ತೆಗೆದರು.

"ಕಳಿಸಿಕೊಡೋದೋ ಬೇಡವೋ, ಏನಜ್ಜಿ?"

"ನನ್ನೇನ್ ಕೇಳೀರಿ ಸ್ವಾಮಿ? ಅಲ್ಲೇ ಕುಂತವ್ನಲ್ಲ, ಅವನ್ನೇ ಕೇಳಿ."

ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಕೈ ಮುಗಿದರು. ನಾನೂ ಮುಗಿದೆ. ಪಟ್ಟಿಯ ಮೇಲೆ ಉಳಿದಿದ್ದ ಹೂವನ್ನು ನೋಡುತ್ತಿದ್ದಾಗಲೇ ಎಡಗಡೆಯ ಮೊಳೆಯ ನೆನಪಾದದ್ದು. ಬಾಯಿ ತೆರೆಯುವಷ್ಟರಲ್ಲಿ ಹೂ ಎಡಕ್ಕೆ ಬಿತ್ತು.

"ದೈವೇಚ್ಛೆಯಮ್ಮಾ. ಇಲ್ಲಿಗೆ ನಿಮ್ಮಂಥವರೇ ಬೇಕು" ಎಂದು ಅರ್ಜಿ ಮಡಚಿಟ್ಟರು. ಮೊಳೆಯ ತಪ್ಪು ಎನ್ನೋಣವೆಂದರೆ, ಹೊಡೆದವಳು ನಾನೇ ಅಲ್ಲವೆ?

ಭಾನುವಾರ ಗಂಡನಿಗೆ ಎಲ್ಲ ಹೇಳಿ ಅತ್ತೆ. ಅವರು ಸುತ್ತಿಗೆ ತೆಗೆದುಕೊಂಡು ಎದ್ದರು.

"ಈಗ್ಯಾಕ್ರೀ ಅದು?"

"ಮುಂದಿನ ಇನ್ಸ್‌ಪೆಕ್ಷನ್‌ಗೆ ಕಣೇ."

ಅದು ಬಂದದ್ದು ಮೂರು ವರ್ಷಕ್ಕೆ. ಅಷ್ಟರಲ್ಲಿ ನನ್ನ ಮಗಳು ಹುಟ್ಟಿ, ನಡೆಯಲು ಕಲಿತು, ನನ್ನ ಜೊತೆ ಶಾಲೆಗೂ ಬರುತ್ತಿದ್ದಳು. "ಇಲಿ ಎಲ್ಲಿದೆ ಪುಟ್ಟೀ?" ಎಂದರೆ ಅವಳೂ ಕೈ ಮುಗಿದು ಕಣ್ಣು ಮುಚ್ಚುತ್ತಿದ್ದಳು.